ಪಾಂಡಿಚೇರಿಯಲ್ಲಿ ಉಣ್ಣದ ಊಟ

1974ರ ಸಂಕ್ರಾಂತಿ ಮುಗಿದು ಎಂಟು ದಿನವಾಗಿತ್ತು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ನಿಮ್ಮ ತಾತನೂ ಪಾಂಡಿಚೇರಿ ನೋಡಲು ಹೊರಟೆವು. ತಾತ ಆಗ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಮದುವೆಗೆ ಮುಂಚೆ ಮಿಷನ್ನಿನ ಸಾಮಾನು ತರಲು ಅಲ್ಲಿಗೆ ಹೋಗಿದ್ದರಂತೆ. ಫ್ರೆಂಚರು ಕಟ್ಟಿದ ಊರು, ನೂಲು ಹಿಡಿದಂಥ ಬೀದಿ, ಬೀದಿಯ ತುದಿಗೆ ಸಮುದ್ರ ಎಂದು ಒಂಬತ್ತು ವರ್ಷ ಹೇಳಿದ್ದನ್ನೇ ಹೇಳಿದ್ದರು. "ನಿನ್ನ ಅಲ್ಲಿ ಮೇಜಿನ ಮುಂದ ಕುಂದ್ರಿಸಿ, ಎದುರಿಗೆ ನಾ ಕುಂತು ಉಣ್ಣಬೇಕಲೇ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಗಂಡಸರ ಊಟ ಆದ ಮೇಲೆ ಹೆಂಗಸರದು. ಒಂಬತ್ತು ವರ್ಷದಲ್ಲಿ ಒಂದು ದಿನವೂ ನಾವಿಬ್ಬರೂ ಜೊತೆಗೆ ಕೂತು ಉಂಡಿರಲಿಲ್ಲ.

ಹೊರಡುವ ದಿನ ಅತ್ತೆ ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಹೊಸ ಶಿವದಾರ ಕೊಟ್ಟು, "ನಿನ್ನ ಕೊರಳಾಗಿಂದು ಜೀರ್ಣ ಆಗೇತವಾ, ಇದನ್ನ ಕಟ್ಕೊಂಡು ಹೋಗು" ಅಂದರು. ಬಸ್ಸಿನ ಗಡಿಬಿಡಿಯಲ್ಲಿ ನಾನು ಅದನ್ನು ಟ್ರಂಕಿಗೆ ಹಾಕಿದೆ.

ಗುಂತಕಲ್ಲು, ಮದ್ರಾಸು, ಮತ್ತೆ ಬಸ್ಸು. ಪಾಂಡಿಚೇರಿ ಮುಟ್ಟುವಾಗ ಬೆಳಗಾಗುತ್ತಿತ್ತು, ನನ್ನ ಕಾಲು ಬಾತಿದ್ದವು. ಲಾಡ್ಜಿನ ಕೋಣೆ ಇನ್ನೂ ಖಾಲಿಯಾಗಿರಲಿಲ್ಲ. ಸಾಮಾನು ಅಲ್ಲೇ ಇಟ್ಟು ಸಮುದ್ರಕ್ಕೆ ಹೋದೆವು. ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದೆ, ಒಂದು ತೆರೆ ಬಂದು ಕೆಡವಿತು. ತಾತ ನಗುತ್ತಾ ನನ್ನನ್ನು ಎಬ್ಬಿಸಿದರು. ನಾನೂ ನಕ್ಕೆ.

ಲಾಡ್ಜಿಗೆ ಬಂದು ಸ್ನಾನಕ್ಕೆ ನಿಂತಾಗ ಕೊರಳು ಮುಟ್ಟಿಕೊಂಡೆ. ದಾರ ಹರಿದಿತ್ತು. ಲಿಂಗವಿದ್ದ ಬೆಳ್ಳಿ ಕರಡಿಗೆ ಇರಲಿಲ್ಲ.

ನಿಮಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ಕೊರಳ ಲಿಂಗಕ್ಕೆ ಪೂಜೆಯಾಗದೆ ಬಾಯಿಗೆ ಏನೂ ಹಾಕುವಂತಿಲ್ಲ. ಕಳೆದುಹೋದರೆ ಗುರುಗಳ ಕೈಯಿಂದ ಹೊಸದು ಪಡೆಯುವ ತನಕ ಅನ್ನವೂ ಇಲ್ಲ, ನೀರೂ ಇಲ್ಲ. ನಮ್ಮ ಗುರುಗಳಿದ್ದದ್ದು ನನ್ನ ತವರು ಕುರುಗೋಡಿನ ಮಠದಲ್ಲಿ. ಹೇಳಿದರೆ ಕೂಡಲೇ ತಿರುಗಬೇಕು, ಅವರ ಒಂಬತ್ತು ವರ್ಷದ ಆಸೆ ಅಲ್ಲಿಗೆ ಮುಗಿಯಿತು. ಸೆರಗು ಹೊದ್ದುಕೊಂಡು ಹೊರಗೆ ಬಂದೆ. "ಪೂಜಿ ಆತೇನು?" ಅಂದರು. ತಲೆ ಆಡಿಸಿದೆ. ಆ ಸುಳ್ಳು ಹಸಿವಿಗಿಂತ ಹೆಚ್ಚು ಸುಟ್ಟಿತು.

ಮಧ್ಯಾಹ್ನದ ತನಕ ಸುತ್ತಿದೆವು. ಬಿಳಿ ಗೋಡೆ, ಹಳದಿ ಗೋಡೆ, ಕಾಂಪೌಂಡಿನ ಮೇಲೆ ಕಾಗದದ ಹೂವು, ಕೆಂಪು ಟೋಪಿಯ ಪೊಲೀಸರು. "ನೋಡಲ್ಲೆ, ನೋಡಲ್ಲೆ" ಎಂದು ಅವರು ತೋರಿಸಿದ ಕಡೆಗೆಲ್ಲ ಮುಖ ತಿರುಗಿಸಿದೆ. ಕಣ್ಣಿಗೆ ಬಿಸಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕಾಫಿ ಬೇಡ ಅಂದೆ, ಎಳನೀರು ಬೇಡ ಅಂದೆ. ಹೊಟ್ಟೆ ಸರಿಯಿಲ್ಲ ಎಂದೆ.

ಒಂದು ಗಂಟೆಗೆ ಸಮುದ್ರದ ಎದುರಿನ ಹೋಟೆಲಿಗೆ ಕರೆದೊಯ್ದರು. ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಬಡಿಸುವ ಮುದುಕನಿಗೆ ತೆಲುಗು ಬರುತ್ತಿತ್ತು. ಮಾಂಸ, ತತ್ತಿ ಏನೂ ಸೇರಬಾರದೆಂದು ತಾತ ಅವನಿಗೆ ತೆಲುಗಿನಲ್ಲಿ ಮೂರು ಸಲ ಹೇಳಿದರು. ತೋಳುದ್ದದ ಬ್ರೆಡ್ಡು, ಬೆಣ್ಣೆ, ಹಾಲಿನಲ್ಲಿ ಬೇಯಿಸಿದ ಆಲೂಗಡ್ಡೆ ಬಂತು. ನಾನು ಕೈ ಕಟ್ಟಿ ಕೂತೆ.

"ಒಂದು ತುತ್ತು ತಿನ್ನಲೇ."

"ಒಲ್ಲೆರಿ."

"ಯಾಕ, ನನ್ನ ಎದುರಿಗೆ ಉಣ್ಣಾಕ ಅಷ್ಟು ನಾಚಿಕೇನು? ಇಲ್ಲೇನು ನಮ್ಮವ್ವ ಕುಂತಾಳೇನು?" ಮೊದಲು ನಕ್ಕರು. ಆಮೇಲೆ ಧ್ವನಿ ಇಳಿಯಿತು. "ಮುಂಜಾನಿಂದ ಮಾರಿ ಸಣ್ಣದು ಮಾಡ್ಕೊಂಡು ಅಡ್ಡಾಡಾಕತ್ತೀದಿ. ನನ್ನ ಜೋಡಿ ಬಂದಿದ್ದಽ ನಿನಗ ಬ್ಯಾಸರ ಆದಂಗ ಐತಿ."

ಅದನ್ನು ತಡೆಯಲಾಗಲಿಲ್ಲ. "ಲಿಂಗ ಸಮುದ್ರಕ್ಕ ಹೋಗೇತ್ರಿ" ಅಂದೆ. ದಾರದ ಸಂಗತಿಯನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಬಯ್ಯುತ್ತಾರೆ ಅಂದುಕೊಂಡೆ. "ಮದ್ಲ ಹೇಳಬಾರದೇನ?" ಅಂದರು, ಅಷ್ಟೇ. ಮುದುಕ ಓಡಿಬಂದು ಅಡುಗೆ ಹಿಡಿಸಲಿಲ್ಲವೇ ಎಂದು ಕೇಳಿದ. "ಛಲೋ ಐತಪ್ಪಾ, ನಮ್ಮ ದಿನ ಛಲೋ ಇಲ್ಲ" ಎಂದು ಕನ್ನಡದಲ್ಲೇ ಹೇಳಿ ಎದ್ದರು.

ಮೂರು ದಿನಕ್ಕೆಂದು ಬಂದವರು ಅಂದೇ ಸಂಜೆ ಬಸ್ಸು ಹತ್ತಿದೆವು. "ನೀವು ಉಣ್ರಿ, ನಿಮಗೇನಾಗೇತಿ" ಎಂದು ಮದ್ರಾಸಿನಲ್ಲೂ ಗುಂತಕಲ್ಲಿನಲ್ಲೂ ಬೇಡಿಕೊಂಡೆ. "ಸುಮ್ಮನ ಮಲಕೋ" ಎಂದು ತಮ್ಮ ಟವೆಲ್ಲನ್ನು ಮಡಚಿ ನನ್ನ ತಲೆಗೆ ಕೊಟ್ಟರು. ಮರುದಿನ ಬಳ್ಳಾರಿಯಲ್ಲಿ ಇಳಿದಾಗ ನನಗೆ ನಿಲ್ಲಲು ಆಗಲಿಲ್ಲ. ಅವರೂ ಒಂದು ಕೈಯಿಂದ ಗೋಡೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ನನ್ನನ್ನು ಹಿಡಿದರು.

ಕುರುಗೋಡಿನ ಮಠಕ್ಕೆ ಹೋದಾಗ ಹೊತ್ತು ಇಳಿದಿತ್ತು. ಗುರುಗಳು, ನಾವೆಲ್ಲ ಅಜ್ಜಾರು ಅನ್ನುತ್ತಿದ್ದವರು, ಹೊಸ ಲಿಂಗ ಕಟ್ಟಿ ತೀರ್ಥ ಕೊಟ್ಟರು. ಆಮೇಲೆ ತಾತನ ಮುಖ ನೋಡಿ, "ನಿನ್ನ ಲಿಂಗ ನಿನ್ನ ಎದಿಮ್ಯಾಲೇ ಐತಲ್ಲೋ ತಮ್ಮಾ. ನೀ ಯಾಕ ಉಪವಾಸ?" ಎಂದು ಕೇಳಿದರು.

ತಾತ ನೆಲ ನೋಡುತ್ತಾ, "ಹಸಿವಿರಲಿಲ್ರಿ ಅಜ್ಜಾರ" ಅಂದರು.

ಸಿರುಗುಪ್ಪಕ್ಕೆ ಬಂದಾಗ ಅತ್ತೆ, "ಏನೇನು ಉಂಡ್ರೋ?" ಅಂದರು. ಹೋಟೆಲಿನ ಮೇಜಿನ ಮೇಲೆ ಏನೇನಿತ್ತೋ ಅದನ್ನೆಲ್ಲ ತಾತ ಒಂದೂ ಬಿಡದೆ ರುಚಿ ಸಮೇತ ವರ್ಣಿಸಿದರು. ದಾರದ ಮಾತು ಎತ್ತಲೇ ಇಲ್ಲ. ನಾನು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಲು ಕೂತೆ.

ಆ ಪ್ರಯಾಣದ ದಣಿವು ಇಂದಿಗೂ ಮೈಯಲ್ಲಿ ಇದ್ದಂತಿದೆ. ನಾವು ಮತ್ತೆ ಎಲ್ಲಿಗೂ ಹೋಗಲಿಲ್ಲ. ತಾತ ಹೋಗಿ ಎಷ್ಟೋ ವರ್ಷವಾಯಿತು. ಅವರಿಗೆ ಹಸಿವಾಗಿತ್ತೆಂದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂದು ಅವರಿಗೆ ಒಂದು ಸಲವಾದರೂ ಹೇಳಬೇಕಿತ್ತು. ನಾಚಿಕೆಗೆ ಹೇಳಲಿಲ್ಲ.