ಕಿರಿಸೊಸೆಯ ವಯಸ್ಸು

ಪುಟ್ಟಿ, ಮರಿ, ನಿಮ್ಮ ಚಿಕ್ಕಜ್ಜಿಗೆ ನಾನು ಮಾಡಿದ್ದನ್ನು ನಿಮ್ಮ ಎದುರಿಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ನನ್ನ ಮೈದುನನ ಹೆಂಡತಿ. ನಮ್ಮಿಬ್ಬರ ತವರೂ ನಾಗಮಂಗಲ ಕಡೆಯ ಒಂದೇ ಊರು. ಅವಳ ತಂಗಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು, ಹಾಗಾಗಿ ಇವಳು ನನಗಿಂತ ನಾಲ್ಕು ವರ್ಷ ದೊಡ್ಡವಳೆಂದು ಚೆನ್ನಾಗಿ ಗೊತ್ತು. ಆದರೆ ಈ ಮನೆಗೆ ನಾನು ಹಿರಿಸೊಸೆ, ಅವಳು ಕಿರಿಸೊಸೆ. ಬಂದ ದಿನದಿಂದ ಅವಳೇ ನನ್ನನ್ನು ಅಕ್ಕ ಎಂದಳು. ನಾನು ಅನ್ನಿಸಿಕೊಂಡೆ.

ಆಧಾರ್ ಮಾಡುವವರು ಊರಿಗೆ ಬಂದಾಗ ಬೀದಿಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ವಯಸ್ಸು ಕೇಳಿದರೆ ನಿಮ್ಮ ಚಿಕ್ಕಜ್ಜಿ ನನ್ನ ಮುಖ ನೋಡಿದಳು. ಹಿರಿಸೊಸೆಗಿಂತ ಕಿರಿಸೊಸೆ ದೊಡ್ಡವಳೆಂದರೆ ಜನ ನಗುತ್ತಾರೆಂದು, ಅವಳ ವಯಸ್ಸನ್ನು ನನ್ನದಕ್ಕಿಂತ ಐದು ವರ್ಷ ಕಮ್ಮಿ ಬರೆಸಿದೆ.

ಈಗ ನನಗೆ ಅರವತ್ತಾರು, ಅವಳಿಗೆ ಎಪ್ಪತ್ತು. ಕಾಗದದಲ್ಲಿ ಮಾತ್ರ ಅರವತ್ತೊಂದು. ಅರವತ್ತೈದು ತುಂಬಿದವರಿಗೆ ಪಿಂಚಣಿ ಹೆಚ್ಚು, ತುಂಬದವರಿಗೆ ಕಮ್ಮಿ. ಬಂದದ್ದು ಸಾಲದೆ, ಮಂಡಿ ನೋಯುತ್ತಿದ್ದರೂ ಅವಳು ಇನ್ನೂ ಕಳೆ ಕೀಳಲು ಹೋಗುತ್ತಾಳೆ.

ಅರವತ್ತೈದು ತುಂಬಿದವರಿಗೂ ತುಂಬದವರಿಗೂ ಒಂದೇ ಸಮ ಕೊಡುವ ಕಾನೂನು ತರುತ್ತಾರಂತೆ ಎಂದು ಪಿಂಚಣಿ ತರುವ ಅಂಚೆಯವರು ಒಮ್ಮೆ ಹೇಳಿದರು. ಬೇಗ ಬರಲಿ ಎಂದು ದೇವರಿಗೆ ಕೈಮುಗಿದೆ. ಅವಳ ಮಂಡಿನೋವಿಗಾಗಿ ಅಲ್ಲ, ನನ್ನ ಸುಳ್ಳು ಮುಚ್ಚಿಹೋಗಲಿ ಎಂದು. ಆ ಕಾನೂನು ಬೇಕೆಂದು ಊರಿನವರು ಅರ್ಜಿ ಕೊಟ್ಟಾಗ ಅವಳದನ್ನೂ ನಾನೇ ಬರೆದೆ. ವಯಸ್ಸಿನ ಜಾಗದಲ್ಲಿ ಮತ್ತೆ ಆ ಸುಳ್ಳು ವಯಸ್ಸನ್ನೇ ಹಾಕಿದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಕಾನೂನು ಇನ್ನೂ ಬಂದಿಲ್ಲ. ಈ ಸಲ ಗದ್ದೆಯಲ್ಲಿ ಕುಸಿದವಳನ್ನು ನಾಲ್ಕು ಜನ ಎತ್ತಿ ತಂದರು. ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ ಎಲ್ಲ ಹೇಳಿಬಿಟ್ಟೆ.

"ನಾನು ದೊಡ್ಡೋಳು ಅಂತ ನಂಗೂ ಗೊತ್ತಿತ್ತು ಕಣಕ್ಕಾ," ಎಂದಳು. "ಅದ್ಕೂ ಪಿಂಚಣಿಗೂ ಸಂಬಂಧ ಅದೆ ಅಂತ ಗೊತ್ತಿರ್ನಿಲ್ಲ." ಆಮೇಲೆ, "ಅಂಗಾದ್ರೆ ಒಂದ್ಸಲ ನೀನು ನನ್ನ ಅಕ್ಕಾ ಅನ್ನು, ಕೇಳ್ಮ," ಎಂದಳು.

ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

ಮಾರನೇ ವಾರ ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಗೆ ಅವಳನ್ನು ಕರೆದುಕೊಂಡು ಹೋಗಿ ತಪ್ಪು ಒಪ್ಪಿಕೊಂಡೆ. ಬಾಯಿಮಾತು ಸಾಲದು, ದಾಖಲೆ ತನ್ನಿ ಎಂದರು. ಶಾಲೆಯ ಮೆಟ್ಟಿಲೇ ಹತ್ತದ ಅವಳಿಗೆ ಯಾವ ದಾಖಲೆಯೂ ಇಲ್ಲ. ಅವಳ ವಯಸ್ಸು ಇಷ್ಟೆಂದು ಡಾಕ್ಟರು ಕೊಡುವ ಸರ್ಟಿಫಿಕೇಟಿಗೆ ಓಡಾಡುತ್ತಿದ್ದೇನೆ. ಅದು ಸಿಗುವ ಮೊದಲೇ ನಾನು ಹೋದರೆ, ನೀವು ಓಡಾಡಬೇಕು. ಅವಳ ನಿಜವಾದ ವಯಸ್ಸನ್ನು ನನ್ನ ಕೈಯಾರೆ ಬರೆದದ್ದು ಇಲ್ಲೊಂದೇ ಕಡೆ. ಈ ಹಾಳೆಗಳನ್ನು ಗೆದ್ದಲು ಮುಟ್ಟದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.