ಕಾಣದ ಬಲಕ್ಕೆ ಬಲ್ಬು ಊದುವ ಗಾಜಕ್ಕ

ಬೆಳಗಿನ ಐದು ಗಂಟೆ. ಕಟ್ಟಡದ ಲಿಫ್ಟು ಇನ್ನೂ ಓಡಾಟ ಶುರುಮಾಡಿಲ್ಲ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಗಾಜಕ್ಕ ಓಲೆ, ವಾಚು, ಹೇರ್‌ಪಿನ್ನುಗಳನ್ನೆಲ್ಲ ಬಿಚ್ಚಿ ಪ್ಲಾಸ್ಟಿಕ್ ತಟ್ಟೆಗೆ ಹಾಕುತ್ತಾರೆ. ತೊಟ್ಟಿರುವುದು ಹುಕ್ಕು, ಜಿಪ್ಪು ಯಾವುದೂ ಇಲ್ಲದ, ಲಾಡಿ ಕಟ್ಟುವ ಬಟ್ಟೆ. ತಾವೇ ಊದಿದ ನಿಂಬೆಹಣ್ಣಿನ ಗಾತ್ರದ ಗಾಜಿನ ಬಲ್ಬನ್ನು ಅಂಗೈಯಲ್ಲಿ ಹಿಡಿದು, ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ಲೋಹದ ಗೋಡೆಗಳ ಪುಟ್ಟ ಕೋಣೆಯೊಳಗೆ ಬಗ್ಗಿ ಹೋಗುತ್ತಾರೆ. ಇಂದು ಕೊನೆಯ ಸಲ.

ಬಲ್ಬಿನೊಳಗಿರುವುದು ಕ್ಸೆನಾನ್ ಅನಿಲ. ಅದರ ಪ್ರತಿ ನ್ಯೂಕ್ಲಿಯಸ್ಸೂ ಒಂದೊಂದು ಬುಗುರಿಯ ಹಾಗೆ. ಲೇಸರ್ ನೆರವಿನಿಂದ ಅವನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಎಷ್ಟು ವೇಗವಾಗಿ ಓಲಾಡುತ್ತವೆಂದು ಅಳೆಯುತ್ತಾರೆ. ಆ ಓಲಾಟ ಕೂದಲೆಳೆಯಷ್ಟು ಏರುಪೇರಾಗಿ, ಅದಕ್ಕೆ ಯಾವ ಕಾರಣವೂ ಸಿಗದಿದ್ದರೆ, ಇದುವರೆಗೆ ಯಾರೂ ಅರಿಯದ ಬಲವೊಂದು ಲೋಕದಲ್ಲಿ ಇರಬಹುದು. ಆದರೆ ಸಾಮಾನ್ಯವಾಗಿ ಕಾರಣ ಸಿಕ್ಕೇ ಸಿಗುತ್ತದೆ, ಜೊತೆಗೆ ಮರ್ಯಾದೆಯನ್ನೂ ತೆಗೆಯುತ್ತದೆ.

“ನಾನು ಕೋಣೇಲಿ ಮರೆತುಬಂದ ಸ್ವೆಟರಿನ ಜಿಪ್ಪು ಎರಡು ದಿನ ಹೊಸ ಬಲ ಆಗಿತ್ತು,” ಎಂದು ಗಾಜಕ್ಕ ನಗುತ್ತಾರೆ. “ಎಲ್ಲರೂ ಕೇಕ್ ತಿಂದೂ ಆಗಿತ್ತು. ಆಮೇಲೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ನೋಡಿ!”

ಮೊದಲು ಥರ್ಮಾಮೀಟರ್ ಕಾರ್ಖಾನೆಯಲ್ಲಿ ಗಾಜಿನ ಕೊಳವೆ ಕಾಯಿಸುತ್ತಿದ್ದವರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಬಲ್ಬಿನ ಒಳಮೈಯಲ್ಲಿ ಚೂರು ಕೊಳೆ ಉಳಿದರೂ ಬುಗುರಿಗಳು ಬೇಗ ದಿಕ್ಕು ತಪ್ಪುತ್ತವೆ. ಹತ್ತು ಊದಿದರೆ ಪಾಸಾಗುವುದು ಎರಡು. ಉಳಿದವು ಗಾಜಕ್ಕನ ಅಡುಗೆಮನೆಯಲ್ಲಿ ಹೂದಾನಿಗಳಾಗಿವೆ.

ಆರು ತಿಂಗಳಿಂದ ಅವರ ಎದೆಬಡಿತ ನಿಧಾನವಾಗಿದೆ. ಒಮ್ಮೆ ಉರಿಯುವ ಬರ್ನರ್ ಎದುರಿಗೇ ಕಣ್ಣು ಕತ್ತಲೆ ಬಂತು. ಪೇಸ್‌ಮೇಕರ್ ಹಾಕಿಸಲೇಬೇಕು ಎಂದರು ವೈದ್ಯರು. ಎದೆಯಲ್ಲಿ ಯಂತ್ರ ಇರುವವರಿಗೆ ಆ ಕೋಣೆಗೆ ಪ್ರವೇಶವಿಲ್ಲ. ಗಾಜಕ್ಕ ಈ ವಿಷಯವನ್ನು ಪ್ರಯೋಗಾಲಯದಲ್ಲಿ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಲೇ ಇದ್ದರು. ಕೆಲಸವನ್ನು ಇಷ್ಟು ಹಚ್ಚಿಕೊಂಡವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಕೊನೆಗೆ ಬಸ್ ಓಡಿಸುವ ಅವರ ಯಜಮಾನರೇ ಕಳೆದ ವಾರ ಬಂದು ಗುಟ್ಟು ರಟ್ಟು ಮಾಡಿದರು. “ಬುಗುರಿ ನಿಂತ್ರೆ ಇವಳಿಗೆ ತಕ್ಷಣ ಗೊತ್ತಾಗತ್ತೆ. ಎದೆ ನಿಂತ್ರೆ ಗೊತ್ತಾಗಲ್ಲ!”

ಪ್ರಯೋಗದ ಮುಖ್ಯಸ್ಥೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿದರು. “ಆ ಬಲ ಇದ್ರೆ ಲೋಕ ಹುಟ್ಟಿದಾಗಿನಿಂದ ಇದೆ ಅಕ್ಕಾ. ನಿಮಗೋಸ್ಕರ ಇನ್ನೊಂದಿಷ್ಟು ದಿನ ಕಾಯತ್ತೆ,” ಎಂದರಂತೆ. ನಾಳೆ ಶಸ್ತ್ರಚಿಕಿತ್ಸೆ. ಮುಂದೆಯೂ ಬಲ್ಬು ಊದುವುದು ಗಾಜಕ್ಕನೇ, ಒಳಗೆ ಇಡುವವರು ಮಾತ್ರ ಬೇರೆ.

ಹೊರಬಂದ ಗಾಜಕ್ಕ ಬಾಗಿಲು ಮುಚ್ಚಿ, ಅದಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕಣ್ಣು ಒದ್ದೆಯಾಗಿದೆ.

“ಬೇಜಾರಿದೆ, ಸುಳ್ಳು ಯಾಕೆ ಹೇಳ್ಲಿ. ಆಸೆ ಅಂದ್ರೆ ಒಂದೇ. ಮುಂದೆ ಏನಾದ್ರೂ ಏರುಪೇರು ಕಂಡ್ರೆ ಮೊದಲು ನನ್ನ ಮೇಲೇ ಅನುಮಾನ ಪಡಿ ಅಂತ ಹೇಳಿದೀನಿ. ನನ್ನ ಬಲ್ಬು ಒಡೆದು, ಚೂರುಚೂರು ಹುಡುಕಲಿ. ಅಲ್ಲಿ ಕೊಳೆ ಏನೂ ಸಿಗಲ್ಲ.”