ರೆಂಡರ್ ಆದ್ಮೇಲೆ ನೋಡಿ
ನಮ್ಮ ಸ್ಟುಡಿಯೋದ ಎಡಿಟರ್ ಮಹಾಶಯನನ್ನು ಏನೇ ಕೇಳಿ, ಉತ್ತರ ಒಂದೇ: ‘ರೆಂಡರ್ ಆದ್ಮೇಲೆ ನೋಡಿ.’ ಅಸಲು ವಿಡಿಯೋ ಅವನ ಮುದಿ ಕಂಪ್ಯೂಟರಿಗೆ ಭಾರ, ಅದಕ್ಕೇ ಹಗುರವಾದ ಮಸುಕು ನಕಲು ಮಾಡಿಕೊಂಡು ಅದರಲ್ಲೇ ಕತ್ತರಿಸಿ ಜೋಡಿಸುತ್ತಾನೆ; ಕೊನೆಗೆ ನಕಲಿನ ಜಾಗಕ್ಕೆ ಅಸಲನ್ನು ಜೋಡಿಸಿ ಪೂರ್ತಿ ವಿಡಿಯೋ ಹೊರತೆಗೆಯುವುದೇ ರೆಂಡರ್. ಮದುಮಗನಿಗೆ ಮೂಗೇ ಇಲ್ಲವಲ್ಲಯ್ಯ ಎಂದರೆ, ‘ರೆಂಡರಲ್ಲಿ ಬರತ್ತೆ’ ಅನ್ನುತ್ತಾನೆ. ಒಮ್ಮೆ ಅಸಲನ್ನು ಜೋಡಿಸುವುದನ್ನೇ ಮರೆತು ಇಡೀ ಮದುವೆಯನ್ನು ಮಂಜಿನಲ್ಲಿ ಅದ್ದಿ ಕೊಟ್ಟ. ಹುಡುಗಿಯ ಅಪ್ಪ ಬೈಯಲು ಬಂದರೆ, ‘ನಿಮ್ಮ ಟೀವಿ ಹಳೇದು ಸಾರ್’ ಅಂದ ಭೂಪ. ರೆಂಡರಿಗೆ ಹಾಕಿ, ಎಷ್ಟು ಮುಗಿಯಿತೆಂದು ತೋರಿಸುತ್ತ ಪರದೆಯ ಮೇಲೆ ತೆವಳುವ ಪಟ್ಟಿಯ ಮುಂದೆ ಕೈಕಟ್ಟಿ ಕೂತನೆಂದರೆ ಹೆರಿಗೆ ವಾರ್ಡಿನ ಹೊರಗೆ ಕಾಯುವ ಗಂಡನ ಮುಖ. ಸುತ್ತ ಯಾರೂ ಕೆಮ್ಮುವಂತಿಲ್ಲ. ಸ್ವಂತ ತಂಗಿಗೆ ಹಟ ಹಿಡಿದು ಗಂಡು ಗೊತ್ತುಮಾಡಿದವನೂ ಇವನೇ, ಮದುವೆ ಶೂಟ್ ಮಾಡಿದವನೂ ಇವನೇ. ಅವಳ ಮಗು ಶಾಲೆಗೆ ಹೋಗುತ್ತಿದೆ, ವಿಡಿಯೋ ಮಾತ್ರ ಇನ್ನೂ ಕೈಸೇರಿಲ್ಲ. ಫೋನ್ ಮಾಡಿದಾಗಲೆಲ್ಲ, ‘ರೆಂಡರ್ ಆಗ್ತಾ ಇದೆ ಕಣಮ್ಮ.’ ಈ ಸೋಮಾರಿಯ ಕೆಲಸ ನಾನೇ ಮುಗಿಸೋಣವೆಂದು, ಮೊನ್ನೆ ಅವನು ಊಟಕ್ಕೆ ಎದ್ದಾಗ ತಂಗಿಯ ಮದುವೆಯ ವಿಡಿಯೋ ತೆರೆದೆ. ಮಸುಕು ನಕಲಿನಲ್ಲಿ ಮದುವಣಗಿತ್ತಿ ನಗುತ್ತಿದ್ದಳು. ಅದೇ ದೃಶ್ಯದ ಅಸಲಿನಲ್ಲಿ, ತುಟಿ ಕಚ್ಚಿ ಅಳು ತಡೆದುಕೊಂಡು, ಕ್ಯಾಮೆರಾ ಹಿಡಿದ ಅಣ್ಣನನ್ನೇ ನೋಡುತ್ತಿದ್ದಳು.